ಇಳಕಲ್ ಸೀರೆಯ ಫೋಟೋಶೂಟ್‌ಗೆ ಬೆಳಗಾವಿಯ ಒಂದು ಸಿದ್ಧತಾ ಸೇವೆ: ಮುಖಕ್ಕೆ ಸಿಕ್ಕ ಗಮನ ಸೆರಗಿಗೆ ಸಿಗಲಿಲ್ಲ

ಮದುವೆ ಹಂಗಾಮಿಗೆ ಮೊದಲು ಇಳಕಲ್ ಸೀರೆ ಹಾಗೂ ಗುಳೇದಗುಡ್ಡ ಖಣಗಳ (ಕುಪ್ಪಸ ಹೊಲಿಸುವ ಕೈಮಗ್ಗದ ಬಟ್ಟೆಯ) ಹೊಸ ಕ್ಯಾಟಲಾಗ್ ಹೊರತರಬೇಕೆಂದು, ಬಾಗಲಕೋಟೆಯ ನವನಗರದಲ್ಲಿ ಸಣ್ಣ ಪ್ರಮಾಣದ ಸೀರೆ ವ್ಯಾಪಾರ ನಡೆಸುವ ನಾನು ಮತ್ತು ನನ್ನ ನಾದಿನಿ ಬೆಳಗಾವಿಯ ಟಿಳಕವಾಡಿ ಭಾಗದ ಒಂದು ಸ್ಟುಡಿಯೋದ ಸೇವೆಯನ್ನು ಪಡೆದೆವು. ಈ ಸ್ಟುಡಿಯೋ ಫೋಟೋ ತೆಗೆಯುವ ಕೆಲಸದ ಜೊತೆಗೆ, ಅದಕ್ಕೂ ಮೊದಲಿನ ತಯಾರಿಯನ್ನು ಬೇರೆಯದೇ ಪ್ಯಾಕೇಜ್ ಮಾಡಿ ಕೊಡುತ್ತದೆ. ಫೋಟೋಗ್ರಾಫರ್ ನಮ್ಮ ಊರಿನವರೇ ಆಗಿದ್ದುದರಿಂದ ನಾವು ತಯಾರಿಯ ಪ್ಯಾಕೇಜನ್ನು ಮಾತ್ರ ತೆಗೆದುಕೊಂಡೆವು, ಈ ವಿಮರ್ಶೆಯೂ ಅಷ್ಟಕ್ಕೇ ಸೀಮಿತವಾಗಿದೆ. ಸ್ಟುಡಿಯೋದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಮ್ಮ ಭಾಗದಲ್ಲಿ ಇಂಥ ಸೇವೆ ಕೊಡುವವರಲ್ಲಿ ಹೆಚ್ಚಿನವರು ಮದುವೆ ಮತ್ತು ಪ್ರೀ-ವೆಡ್ಡಿಂಗ್ ಕೆಲಸದಿಂದ ಬಂದವರಾದ್ದರಿಂದ, ಇಲ್ಲಿ ಹೇಳುವ ಗುಣದೋಷಗಳು ಅವರಲ್ಲಿ ಯಾರಲ್ಲಾದರೂ ಕಾಣಸಿಗಬಹುದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾದ ಮುಂದೆ ನಿಲ್ಲುವ ವ್ಯಕ್ತಿಯನ್ನು ಸಿದ್ಧಪಡಿಸುವುದರಲ್ಲಿ ಇವರು ಪಳಗಿದವರು, ಆ ಕೆಲಸಕ್ಕೆ ಕೊಟ್ಟ ಹಣ ಸಾರ್ಥಕವಾಗಿದೆ. ಆದರೆ ಮಾರಬೇಕಾದದ್ದು ಬಟ್ಟೆಯಾಗಿದ್ದಾಗ, ಅದರಲ್ಲೂ ಕೈಮಗ್ಗದ ಬಟ್ಟೆಯಾಗಿದ್ದಾಗ, ಇವರ ತಯಾರಿ ಅರ್ಧಕ್ಕೇ ನಿಲ್ಲುತ್ತದೆ. ಉಳಿದ ಅರ್ಧವನ್ನು ಮಾಲು ತಿಳಿದವರು ತಾವೇ ಹೊತ್ತುಕೊಳ್ಳಬೇಕಾಗುತ್ತದೆ ಎಂಬುದನ್ನು ಅರಿತು ಒಪ್ಪಂದ ಮಾಡಿಕೊಳ್ಳುವುದು ಒಳ್ಳೆಯದು.

ಪ್ಯಾಕೇಜಿನ ಬೆಲೆ ಹದಿನೆಂಟು ಸಾವಿರ ರೂಪಾಯಿ. ಇದರಲ್ಲಿ ಒಂದು ಸಮಾಲೋಚನೆ, ಬಣ್ಣ ಮತ್ತು ಭಂಗಿಗಳ ಮಾದರಿ ಚಿತ್ರಗಳನ್ನು ಜೋಡಿಸಿದ ಮೂಡ್ ಬೋರ್ಡ್, ರೂಪದರ್ಶಿಯ ಆಯ್ಕೆಯಲ್ಲಿ ನೆರವು, ಮೇಕಪ್ ಟ್ರಯಲ್, ಬಟ್ಟೆಗಳಿಗೆ ಇಸ್ತ್ರಿ ಮತ್ತು ಸ್ಟೀಮ್, ಪರೀಕ್ಷೆಗೆಂದು ತೆಗೆಯುವ ಟೆಸ್ಟ್ ಫ್ರೇಮ್, ಸೀರೆ ಉಡಿಸುವುದು, ಆಭರಣ, ಯಾವ ಸೀರೆಯ ಯಾವ ಚಿತ್ರ ಯಾವ ಹೊತ್ತಿಗೆ ಎಂಬ ಶಾಟ್ ಲಿಸ್ಟ್, ಶೂಟ್ ದಿನ ಇಬ್ಬರು ಸಹಾಯಕರು, ಇವಿಷ್ಟು ಸೇರಿವೆ. ರೂಪದರ್ಶಿಯ ಸಂಭಾವನೆ, ಬೆಳಗಾವಿಯಿಂದ ಬಾಗಲಕೋಟೆಗೆ ಮೂರು ತಾಸಿನ ದಾರಿಯ ವಾಹನದ ವೆಚ್ಚ ಮತ್ತು ಊಟ ನಮ್ಮದೇ. ಬೆಂಗಳೂರಿನಿಂದ ತಂಡ ಕರೆಸಿ, ಉಳಿಸಿ, ಕಳಿಸುವ ಖರ್ಚನ್ನು ಲೆಕ್ಕ ಹಾಕಿದರೆ ಇದು ಹೆಚ್ಚೇನೂ ಅಲ್ಲ.

ಮೊದಲು ಇವರ ಬಲದ ಮಾತು. ಆಯ್ಕೆಯಾದ ಹುಡುಗಿಗೆ ವಾರ ಮೊದಲೇ ಸೂಚನೆಗಳ ಒಂದು ಪುಟ ತಲುಪಿತ್ತು. ಶೂಟ್‌ನ ಹಿಂದಿನ ದಿನ ಫೇಶಿಯಲ್ ಮಾಡಿಸಬಾರದು, ವ್ಯಾಕ್ಸಿಂಗ್ ಮಾಡಿಸುವುದಿದ್ದರೆ ಚರ್ಮದ ಕೆಂಪು ಇಳಿಯಲು ಕನಿಷ್ಠ ಎರಡು ದಿನ ಬಿಡಬೇಕು, ಹೊಸ ಕ್ರೀಮನ್ನು ಆ ವಾರ ಪ್ರಯೋಗಿಸಬಾರದು, ಶೂಟ್ ದಿನ ಬೆಳಿಗ್ಗೆ ಸೊಂಟದಲ್ಲಿ ಇಲಾಸ್ಟಿಕ್ ಗುರುತು ಬೀಳದಂಥ ಸಡಿಲ ಬಟ್ಟೆಯಲ್ಲಿ ಬರಬೇಕು, ಮೈಬಣ್ಣಕ್ಕೆ ಹೊಂದುವ ಒಳ ಉಡುಪು ತರಬೇಕು ಎಂಬ ವಿವರಗಳು ಅದರಲ್ಲಿದ್ದವು. ಮೇಕಪ್ ಸಾಮಗ್ರಿಯನ್ನು ಒಂದು ದಿನ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ, ತುರಿಕೆ ಅಥವಾ ದದ್ದು ಬರುವುದೇ ಎಂದು ನೋಡಿದ್ದರು. ಸಣ್ಣ ಸಂಗತಿಗಳೆನಿಸಿದರೂ, ಕ್ಲೋಸ್‌ಅಪ್ ಚಿತ್ರಗಳಲ್ಲಿ ಇವುಗಳ ಫಲ ಸ್ಪಷ್ಟವಾಗಿ ಕಾಣುತ್ತದೆ.

ಮೇಕಪ್ ಟ್ರಯಲ್ ನಡೆಸಿದ ರೀತಿಯೂ ನನಗೆ ಮೆಚ್ಚಿಗೆಯಾಯಿತು. ಫೌಂಡೇಶನ್ನಿನ ಛಾಯೆಯನ್ನು ಮುಂಗೈಯ ಮೇಲಲ್ಲ, ದವಡೆಯ ಅಂಚಿನಲ್ಲಿ ಹಚ್ಚಿ, ಕಿಟಕಿಯ ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಫ್ಲ್ಯಾಶ್ ಹಾಕಿ ಫೋಟೋ ತೆಗೆದು ಮತ್ತೊಮ್ಮೆ ಪರೀಕ್ಷಿಸಿದರು. ಸನ್‌ಸ್ಕ್ರೀನ್‌ನಲ್ಲಿರುವ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಮತ್ತು ಕೆಲವು ಫಿನಿಶಿಂಗ್ ಪೌಡರ್‌ಗಳಲ್ಲಿರುವ ಸಿಲಿಕಾ ಫ್ಲ್ಯಾಶ್ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ, ಕನ್ನಡಿಯಲ್ಲಿ ಸರಿಯಾಗಿ ಕಾಣುವ ಮುಖ ಫೋಟೋದಲ್ಲಿ ಬೂದಿ ಬಳಿದಂತೆ ಬೆಳ್ಳಗಾಗಬಹುದು. ಇದನ್ನು ಟ್ರಯಲ್‌ನಲ್ಲೇ ಪತ್ತೆ ಹಚ್ಚಿ ಪೌಡರ್ ಬದಲಿಸಿದರು. ಹುಡುಗಿಯ ಮೈಬಣ್ಣ ನಮ್ಮ ಕಡೆಯ ಎಣ್ಣೆಗೆಂಪು. ಅದನ್ನು ಎರಡು ಛಾಯೆ ತಿಳಿ ಮಾಡುವ ಚಾಳಿ ಮದುವೆ ಮೇಕಪ್‌ನಲ್ಲಿ ಎಷ್ಟು ಬೇರೂರಿದೆ ಎಂಬುದನ್ನು ಬಲ್ಲವರು, ಇವರು ಆ ಕಡೆ ಹೋಗದೆ ಕುತ್ತಿಗೆ, ಕೈ, ಸೊಂಟಗಳ ಬಣ್ಣವನ್ನು ಮುಖದ ಬಣ್ಣಕ್ಕೆ ಸರಿಹೊಂದಿಸಿದ್ದನ್ನು ಸಣ್ಣ ಗುಣವೆಂದು ತಳ್ಳಿಹಾಕಲಾರರು.

ಇನ್ನು ಬಟ್ಟೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಸೀರೆ ಮಾರುವವರಿಗೆ ಉಪಯೋಗವಾಗುವುದು ಈ ಭಾಗವೇ.

ಇಳಕಲ್ ಸೀರೆಯ ವಿಶೇಷವಿರುವುದು ಅದರ ನೇಯ್ಗೆಯ ಜೋಡಣೆಯಲ್ಲಿ. ಒಡಲಿನ ಹಾಸು (ಮಗ್ಗದ ಉದ್ದೆಳೆಗಳು) ಮತ್ತು ಸೆರಗಿನ ಹಾಸು ಬೇರೆ ಬೇರೆ ನೂಲಿನವು. ಒಡಲು ಹತ್ತಿಯದಾಗಲಿ ಚಮಕಾ ಎಂಬ ಹೊಳೆಯುವ ರೇಯಾನ್ ನೂಲಿನದಾಗಲಿ ಇರಬಹುದು, ಸೆರಗಿನದು ರೇಷ್ಮೆ. ಈ ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವುದರಿಂದ, ಪ್ರತಿ ಸೀರೆಗೂ ಬೇರೆಯಾಗಿ ಹಾಸು ಹೂಡಬೇಕಾಗುತ್ತದೆ. ಈ ಜೋಡಣೆಯ ಜಾಗವನ್ನು ನೋಡಿಯೇ ತಿಳಿದ ಗಿರಾಕಿಗಳು ಕೈಮಗ್ಗದ ಮಾಲು ಯಾವುದು, ಸೆರಗನ್ನು ಅಚ್ಚೊತ್ತಿದ ನಕಲು ಯಾವುದು ಎಂದು ಹೇಳಿಬಿಡುತ್ತಾರೆ. ಹೀಗಿರುವಾಗ ಕ್ಯಾಟಲಾಗಿನಲ್ಲಿ ಆ ಜಾಗದ ಒಂದು ಹತ್ತಿರದ ಚಿತ್ರ ಇರಲೇಬೇಕು. ಸ್ಟುಡಿಯೋದವರು ಕಳಿಸಿದ ಮೊದಲ ಶಾಟ್ ಲಿಸ್ಟ್‌ನಲ್ಲಿ ಅದು ಇರಲಿಲ್ಲ. ಪಟ್ಟಿಯ ತುಂಬ ನಗುವ ಮುಖ, ತಿರುಗಿ ನೋಡುವ ಭಂಗಿ, ಮೆಟ್ಟಿಲು ಇಳಿಯುವ ಭಂಗಿ, ಬಳೆ ಸರಿಪಡಿಸಿಕೊಳ್ಳುವ ಭಂಗಿ ಇವೇ ಇದ್ದವು. ಯಾವ ಸೀರೆಗೂ ಹೊಂದುವ ಪಟ್ಟಿ ಅದು, ಹಾಗಾಗಿ ಇಳಕಲ್ ಸೀರೆಯ ಪಟ್ಟಿಯಾಗಿರಲಿಲ್ಲ. ನಾವು ಜೋಡಣೆಯ ಕ್ಲೋಸ್‌ಅಪ್, ದಡಿಯ ಉದ್ದಕ್ಕೂ ಹಾಯುವ ಚಿತ್ರ, ಪೂರ್ತಿ ಬಿಚ್ಚಿದ ಸೆರಗು ಮತ್ತು ಬಟ್ಟೆಯ ಹಿಮ್ಮಗ್ಗುಲು, ಈ ನಾಲ್ಕನ್ನು ಪ್ರತಿ ಸೀರೆಗೂ ಸೇರಿಸಿ ಪಟ್ಟಿಯನ್ನು ತಿರುಗಿ ಬರೆಸಿದೆವು. ಬೇಸರವಿಲ್ಲದೆ ಬರೆದುಕೊಟ್ಟರು ಎಂಬುದನ್ನೂ ಹೇಳಬೇಕು.

ಹಿಮ್ಮಗ್ಗುಲಿನ ಚಿತ್ರ ಏಕೆಂದು ಅಲ್ಲಿನ ಸ್ಟೈಲಿಸ್ಟ್ ಕೇಳಿದರು. ಕಸೂತಿ ಇರುವ ಸೀರೆಗಳಲ್ಲಿ ಅದೇ ಮುಖ್ಯ. ಗವಂತಿ ಹೊಲಿಗೆ ಬಟ್ಟೆಯ ಎರಡೂ ಮಗ್ಗುಲುಗಳಲ್ಲಿ ಒಂದೇ ತೆರನಾಗಿ ಕಾಣುತ್ತದೆ, ಗಂಟು ಹಾಕದೆ ಎಳೆ ಎಣಿಸಿ ಹಾಕುವ ಹೊಲಿಗೆ ಅದು. ಯಂತ್ರದ ಕಸೂತಿಯ ಹಿಂಬದಿಯಲ್ಲಿ ದಾರದ ಗೋಜಲು ಕಾಣುವುದರಿಂದ, ಹಿಂದಿನ ಒಂದು ಚಿತ್ರ ನೂರು ಮಾತಿನ ವಿವರಣೆಯನ್ನು ಉಳಿಸುತ್ತದೆ. ಇದನ್ನು ಕೇಳಿದ ಮೇಲೆ ಅವರೇ ಗೋಪುರ, ತೇರು, ಆನೆಯ ಚಿತ್ತಾರಗಳಿರುವ ಸೀರೆಗಳನ್ನು ಬೇರೆ ಮಾಡಿ ಇಟ್ಟರು.

ಇಸ್ತ್ರಿಯ ಕೆಲಸದಲ್ಲಿ ಇವರಿಗೆ ಪೂರ್ಣ ಅಂಕ ಕೊಡಲಾರೆ. ಒಂದೇ ಸೀರೆಯಲ್ಲಿ ಹತ್ತಿ ಮತ್ತು ರೇಷ್ಮೆ ಎರಡೂ ಇರುವಾಗ ಒಂದೇ ಶಾಖ ನಡೆಯುವುದಿಲ್ಲ. ಹತ್ತಿಯ ಒಡಲಿಗೆ ಬೇಕಾದ ಶಾಖ ರೇಷ್ಮೆಯ ಸೆರಗಿಗೆ ಹೆಚ್ಚಾಗುತ್ತದೆ, ಸೆರಗಿಗೆ ಸಾಕಾಗುವ ಶಾಖದಲ್ಲಿ ಒಡಲಿನ ಮಡಿಕೆ ಗುರುತು ಹೋಗುವುದಿಲ್ಲ. ಚಮಕಾ ಒಡಲಿನದು ಇನ್ನೊಂದು ಕಥೆ: ರೇಯಾನ್ ಎಳೆ ಒದ್ದೆಯಾದಾಗ ಬಲ ಕಳೆದುಕೊಳ್ಳುವುದರಿಂದ, ಅದನ್ನು ನೀರು ಚಿಮುಕಿಸಿ ಎಳೆದು ಇಸ್ತ್ರಿ ಮಾಡಬಾರದು. ಸ್ಟುಡಿಯೋದ ಹುಡುಗ ಎಲ್ಲ ಸೀರೆಗಳನ್ನೂ ಹ್ಯಾಂಗರ್‌ಗೆ ಹಾಕಿ ಹ್ಯಾಂಡ್ ಸ್ಟೀಮರ್‌ನಿಂದ ಒಂದೇ ಸಮನೆ ಹಬೆ ಹಿಡಿಯಲು ಹೊರಟಿದ್ದ. ಜೊತೆಗೆ ಬಂದಿದ್ದ ಇಳಕಲ್ಲಿನ ಹಿರಿಯ ನೇಕಾರರೊಬ್ಬರು, "ತಮ್ಮಾ, ಹಂಗ ಹಬಿ ಹಿಡೀಬ್ಯಾಡಪಾ, ಕೂಡಿಸಿದ್ದ ಜಾಗಾ ಸುಕ್ಕ ಹಿಡೀತೈತಿ" ಎಂದು ತಡೆದರು. ಆಮೇಲೆ ಒಡಲಿಗೆ ಬಟ್ಟೆ ಹಾಸಿ ಇಸ್ತ್ರಿ, ಸೆರಗಿಗೆ ಹಿಂಬದಿಯಿಂದ ಕಡಿಮೆ ಶಾಖದ ಇಸ್ತ್ರಿ, ಜೋಡಣೆಯ ಪಟ್ಟಿಗೆ ಏನೂ ಇಲ್ಲ ಎಂಬಂತೆ ಕೆಲಸ ಸಾಗಿತು. ಹೊಸ ಕೈಮಗ್ಗದ ಹತ್ತಿ ಸೀರೆಯಲ್ಲಿ ನೂಲಿನ ಗಂಜಿ ಉಳಿದಿರುವುದರಿಂದ ನಿರಿಗೆ ತಾನಾಗಿಯೇ ನಿಲ್ಲುತ್ತದೆ. ಶೂಟ್‌ಗೆ ಮೊದಲು ಅದನ್ನು ಒಗೆಯಬೇಕೆಂಬ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿರಿ.

ಟೆಸ್ಟ್ ಫ್ರೇಮ್ ತೆಗೆಯುವ ಪದ್ಧತಿ ಈ ಸೇವೆಯ ಅತ್ಯುತ್ತಮ ಭಾಗ. ಶೂಟ್‌ಗೆ ಮೊದಲೇ ಪ್ರತಿ ಬಟ್ಟೆಯ ಒಂದೆರಡು ಚಿತ್ರ ತೆಗೆದು, ಕಂಪ್ಯೂಟರ್ ಪರದೆಯ ಮೇಲೆ ಪೂರ್ಣ ಗಾತ್ರದಲ್ಲಿ ನೋಡಿ ತೊಂದರೆಗಳನ್ನು ಗುರುತು ಹಾಕುತ್ತಾರೆ. ಇಳಕಲ್ ಸೀರೆಗೆ ಇದು ಎರಡು ಕಾರಣಕ್ಕೆ ಅತ್ಯಗತ್ಯ.

ಮೊದಲನೆಯದು ಚೌಕಳಿ. ಸಣ್ಣ ಚೌಕಳಿ ಮತ್ತು ಸಣ್ಣ ಗೆರೆಗಳ ಒಡಲನ್ನು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದಾಗ, ಬಟ್ಟೆಯ ಗೆರೆಗಳ ಸಾಲು ಮತ್ತು ಸೆನ್ಸರ್‌ನ ಪಿಕ್ಸೆಲ್‌ಗಳ ಸಾಲು ಒಂದರ ಮೇಲೊಂದು ಬಿದ್ದು, ಬಟ್ಟೆಯಲ್ಲಿ ಇಲ್ಲದೇ ಇರುವ ಅಲೆಯಂಥ ಬಣ್ಣದ ಪಟ್ಟಿಗಳು ಮೂಡುತ್ತವೆ. ಇದಕ್ಕೆ ಮ್ವಾರೆ ಎನ್ನುತ್ತಾರೆ. ಕ್ಯಾಮೆರಾದ ಹಿಂದಿನ ಚಿಕ್ಕ ಪರದೆಯಲ್ಲಿ ಇದು ಇದ್ದರೂ ಕಾಣದಿರಬಹುದು, ಇಲ್ಲದಿದ್ದರೂ ಕಂಡಂತಾಗಬಹುದು. ಪೂರ್ಣ ಗಾತ್ರದಲ್ಲಿ ನೋಡಿದಾಗ ಮಾತ್ರ ಖಾತ್ರಿ. ಕ್ಯಾಮೆರಾವನ್ನು ತುಸು ಹಿಂದೆ ಮುಂದೆ ಸರಿಸುವುದು, ಕೋನ ಬದಲಿಸುವುದು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಚಿಕ್ಕದು ಮಾಡುವುದು ಇವೇ ಪರಿಹಾರ. ನಮ್ಮ ಚೌಕಳಿ ಸೀರೆಗಳಲ್ಲಿ ಯಾವುದಕ್ಕೆ ಎಷ್ಟು ದೂರ ಸರಿಯಾಗುತ್ತದೆ ಎಂದು ಇವರು ಬರೆದಿಟ್ಟ ಟಿಪ್ಪಣಿ ಶೂಟ್ ದಿನ ನಮ್ಮ ಫೋಟೋಗ್ರಾಫರ್‌ರಿಗೆ ಬಹಳ ಹೊತ್ತು ಉಳಿಸಿತು. ದೊಡ್ಡ ಚಿತ್ರವನ್ನು ಮೊಬೈಲ್‌ಗೆಂದು ಕುಗ್ಗಿಸುವಾಗ ಇದೇ ಅಲೆ ಮತ್ತೆ ಮೂಡಬಹುದಾದ್ದರಿಂದ, ಅಂತಿಮ ಚಿತ್ರಗಳನ್ನು ಮೊಬೈಲ್‌ನಲ್ಲೂ ನೋಡಿಯೇ ಒಪ್ಪಿಗೆ ಕೊಡಬೇಕೆಂದು ಅವರೇ ತಿಳಿಸಿದರು.

ಎರಡನೆಯದು ಕೆಂಪು. ಇಳಕಲ್ ಸೆರಗಿನ ಕೆಂಪು ರೇಷ್ಮೆ ಎಷ್ಟು ಗಾಢವೆಂದರೆ, ಒಟ್ಟಾರೆ ಚಿತ್ರದ ಬೆಳಕು ಸರಿಯಿದ್ದರೂ ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಪಾಲು) ಒಂದೇ ತುಂಬಿ ತುಳುಕಿ, ಬಿಳಿಯ ತೆನೆಯ ಸಾಲು, ಹಣಿಗೆಯ ಹಲ್ಲು, ಕೋಟೆಯ ತೆನೆಗಳ ಅಂಚಿನಲ್ಲಿರುವ ನೇಯ್ಗೆಯ ಸೂಕ್ಷ್ಮಗಳು ಅಳಿಸಿಹೋಗಿ ಸೆರಗು ಒಂದು ಕೆಂಪು ಹಲಗೆಯಂತೆ ಕಾಣುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೊಗ್ರಾಂ ನಕ್ಷೆಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬಣ್ಣಗಳನ್ನು ಬೇರೆ ಬೇರೆಯಾಗಿ ನೋಡಿ, ಅರ್ಧ ಸ್ಟಾಪ್‌ನಷ್ಟು ಕಡಿಮೆ ಬೆಳಕಿನಲ್ಲಿ ತೆಗೆದರೆ ಈ ತೊಂದರೆ ತಪ್ಪುತ್ತದೆ. ಕಪ್ಪು ಚಂದ್ರಕಾಳಿ ಸೀರೆಗೂ ಬೆಳಕನ್ನು ತಗ್ಗಿಸಲೇಬೇಕು, ಅಲ್ಲಿ ಕಾರಣ ಮಾತ್ರ ಬೇರೆ: ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಕಪ್ಪನ್ನು ಬೂದು ಮಾಡಿ, ಬಿಳಿ ಕಸೂತಿಯನ್ನು ಉರಿಸಿಬಿಡುತ್ತದೆ. ಟೆಸ್ಟ್ ಫ್ರೇಮ್‌ಗಳಲ್ಲಿ ಇವೆರಡನ್ನೂ ಹಿಡಿದು ತೋರಿಸಿದ್ದಕ್ಕೆ ಸ್ಟುಡಿಯೋದವರನ್ನು ಮನಸಾರೆ ಹೊಗಳುತ್ತೇನೆ. ಬಣ್ಣ ಸರಿಹೊಂದಿಸಲು ಆಧಾರವಾಗುವ ಬೂದು ಬಣ್ಣದ ಗ್ರೇ ಕಾರ್ಡ್ ಹಿಡಿದು ಪ್ರತಿ ಬೆಳಕಿನಲ್ಲೂ ಒಂದು ಚಿತ್ರ ತೆಗೆಯಲು ಪಟ್ಟಿಯಲ್ಲೇ ಜಾಗ ಇಟ್ಟಿದ್ದರು. ತಂದ ಮಾಲಿನ ಬಣ್ಣ ಫೋಟೋದಲ್ಲಿದ್ದಂತೆ ಇಲ್ಲವೆಂದು ಸೀರೆ ಹಿಂದಿರುಗಿಸುವ ಗಿರಾಕಿಗಳನ್ನು ಕಂಡವರಿಗೆ ಆ ಕಾರ್ಡಿನ ಬೆಲೆ ಗೊತ್ತು.

ಸೀರೆ ಉಡಿಸುವುದರಲ್ಲಿ ಮಾತ್ರ ನಮಗೂ ಅವರಿಗೂ ಒಮ್ಮತವಾಗಲಿಲ್ಲ. ಉಡಿಸಲು ಬಂದವರ ಕೈ ಚುರುಕಾಗಿತ್ತು, ನಿರಿಗೆಗಳನ್ನು ಹಿಂದಿನ ದಿನವೇ ಮಡಿಸಿ, ಕ್ಲಿಪ್ ಹಾಕಿ, ಹದವಾಗಿ ಒತ್ತಿ ಇಡುವ ಅವರ ವಿಧಾನದಿಂದ ಸೀರೆ ಬದಲಿಸುವ ಹೊತ್ತು ಗಣನೀಯವಾಗಿ ಕಡಿಮೆಯಾಯಿತು. ಆದರೆ ಅವರ ಕೈಗೆ ಕೂತಿರುವುದು ಒಂದೇ ಉಡಿಕೆ: ಸೆರಗನ್ನು ಕಿರಿದಾದ ನಿರಿಗೆಗಳಾಗಿ ಮಡಿಸಿ ಎಡಭುಜದ ಮೇಲೆ ಪಿನ್ ಮಾಡುವುದು. ಇಳಕಲ್ ಸೀರೆಯ ಟೋಪ್ ತೆನಿ (ತೆನೆಯ ವಿನ್ಯಾಸದ) ಸೆರಗನ್ನು ಹಾಗೆ ಮಡಿಸಿದರೆ ಮಾರುವುದಕ್ಕೆ ಉಳಿಯುವುದೇನು? ಸೆರಗಿನ ಉದ್ದಕ್ಕೂ ಹರಡಿರುವ ಕೆಂಪು ಬಿಳಿಗಳ ವಿನ್ಯಾಸ ಕಾಣಬೇಕಾದರೆ ಸೆರಗನ್ನು ಬಿಚ್ಚಿ ಮುಂಗೈಯ ಮೇಲೆ ಇಳಿಬಿಡಬೇಕು, ಇಲ್ಲವೇ ನಮ್ಮ ಹಿರಿಯರಂತೆ ತಲೆಯ ಮೇಲೆ ಹೊದೆಯಬೇಕು. ಹದಿನೆಂಟು ಮೊಳದ ಸೀರೆಗಳಿಗೆ ಕಚ್ಚೆ ಉಡಿಕೆಯೇ ಆಗಬೇಕು, ಅದು ಅವರಿಗೆ ಬರುತ್ತಿರಲಿಲ್ಲ. ಕೊನೆಗೆ ನಾದಿನಿಯ ಅತ್ತೆಯವರು ಬಂದು ಕಚ್ಚೆ ಹಾಕಿ ಉಡಿಸಿದರು. "ಬಾಯಾರ, ಇನ್ನೊಂದ್ ಸರ್ತಿ ತೋರಿಸ್ರಿ" ಎಂದು ಸ್ಟುಡಿಯೋದ ಹುಡುಗಿಯರು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಂಡರು. ಉತ್ಸಾಹವೇನೋ ಇತ್ತು, ಆದರೆ ಬಾಗಲಕೋಟೆಯ ಸೀರೆಗೆ ಒಪ್ಪಂದ ಮಾಡಿಕೊಂಡವರು ಕಚ್ಚೆ ಉಡಿಸಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕಿತ್ತು.

ಪಿನ್‌ಗಳ ಬಗ್ಗೆ ಒಂದು ಎಚ್ಚರಿಕೆ. ಶೂಟ್‌ಗೆ ಬಳಸಿದ ಸೀರೆಯನ್ನೂ ಮುಂದೆ ಮಾರಬೇಕಾದವರು, ರೇಷ್ಮೆ ಸೆರಗಿಗೆ ದಪ್ಪ ಸೇಫ್ಟಿ ಪಿನ್ ಚುಚ್ಚಲು ಬಿಡಬಾರದು. ತೂತು ಉಳಿಯುತ್ತದೆ, ಎಳೆ ಜಗ್ಗಿದರೆ ಗೆರೆಯೇ ಬೀಳುತ್ತದೆ. ಸಹಾಯಕರ ಬಳಿ ಸಪೂರ ಪಿನ್‌ಗಳೂ ಎರಡು ಬದಿಯ ಅಂಟುಪಟ್ಟಿಯೂ ಇದ್ದವು, ಹೇಳಿದ ಮೇಲೆ ಅವನ್ನೇ ಬಳಸಿದರು. ಹೇಳದೇ ಇದ್ದರೆ ದಪ್ಪ ಪಿನ್ನೇ ಬೀಳುತ್ತಿತ್ತು.

ಖಣದ ಕುಪ್ಪಸಗಳ ವಿಷಯದಲ್ಲಿ ಇವರ ವೇಳಾಪಟ್ಟಿಯೇ ಸರಿಯಿರಲಿಲ್ಲ. ಸ್ಟುಡಿಯೋದಲ್ಲಿ ಸಿದ್ಧ ಬ್ಲೌಸ್‌ಗಳ ಸಂಗ್ರಹವಿದೆ, ಹಿಂದೆ ಕ್ಲಿಪ್ ಹಾಕಿ ಯಾರಿಗೆ ಬೇಕಾದರೂ ಹೊಂದಿಸುತ್ತಾರೆ. ಗುಳೇದಗುಡ್ಡದ ಖಣವನ್ನೇ ಮಾರುವವರು ಇನ್ನೊಂದು ಬಟ್ಟೆಯ ಬ್ಲೌಸ್ ಹಾಕಿಸಿ ಫೋಟೋ ತೆಗೆಯಲಾದೀತೇ? ಖಣದ ದಡಿ ತೋಳಿನ ಅಂಚಿಗೆ ಬರಬೇಕು, ತೇರು ಮತ್ತು ಸಿದ್ಧೇಶ್ವರ ಮುಖದಂಥ ವಿನ್ಯಾಸಗಳು ಬೆನ್ನಿನ ನಡುವೆ ಕತ್ತರಿ ಬೀಳದಂತೆ ಕೂರಬೇಕು, ಅದಕ್ಕೆ ರೂಪದರ್ಶಿಯ ಅಳತೆ ತೆಗೆದು ಖಣ ಹೊಲಿದು ರೂಢಿಯಿರುವ ದರ್ಜಿಯಿಂದಲೇ ಹೊಲಿಸಬೇಕು. ಅವರ ಪಟ್ಟಿಯಲ್ಲಿ ರೂಪದರ್ಶಿಯ ಹೆಸರು ಖಚಿತವಾಗುವುದಕ್ಕೂ ಶೂಟ್‌ಗೂ ನಡುವೆ ಮೂರು ದಿನವಷ್ಟೇ ಇತ್ತು. ನಾವು ಅದನ್ನು ಹತ್ತು ದಿನಕ್ಕೆ ಹಿಗ್ಗಿಸಿದೆವು. ಕೈಮಗ್ಗದ ಖಣ ಮಾರುವ ಯಾರೇ ಆಗಲಿ ಈ ಅಂತರವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಲೇಸು.

ಆಭರಣಗಳ ಪೆಟ್ಟಿಗೆಯನ್ನು ತೆರೆದಾಗ ತುಸು ನಗು ಬಂದದ್ದು ನಿಜ. ಹಸಿರು ಕೆಂಪು ಕಲ್ಲುಗಳ ಟೆಂಪಲ್ ಸೆಟ್‌ಗಳು, ಕಿವಿಯಿಂದ ಕೂದಲಿಗೆ ಹೋಗುವ ಸರಪಳಿಗಳು, ಹಣೆಯ ತುಂಬ ಬೈತಲೆ ಬೊಟ್ಟು. ಎಲ್ಲವೂ ಚಂದವೇ, ಯಾವುದೂ ನಮ್ಮ ಸೀರೆಗಲ್ಲ. ಬೋರಮಾಳ, ಗುಂಡಿನ ಸರ, ಟೀಕಿ, ಬುಗುಡಿ, ಪಾಟ್ಲಿ, ಬಿಲ್ವಾರಗಳನ್ನು ಮನೆಯಿಂದಲೇ ಹೊರತೆಗೆದೆವು. ಹೊಳಪು ಹೆಚ್ಚಿರುವ ಚಿನ್ನ ಫ್ಲ್ಯಾಶ್‌ಗೆ ಕಣ್ಣು ಕೋರೈಸುವುದರಿಂದ ಹಳೆಯ, ಮಾಸಿದ ಒಡವೆಗಳೇ ಚಿತ್ರದಲ್ಲಿ ಚೆನ್ನಾಗಿ ಬಂದವು.

ಹೊರಾಂಗಣದ ಜಾಗಕ್ಕಾಗಿ ಸ್ಟುಡಿಯೋದವರು ಬಾದಾಮಿಯ ಗುಹಾಲಯಗಳನ್ನೂ ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ದೇವಾಲಯವನ್ನೂ ಸೂಚಿಸಿದ್ದರು. ಚಿತ್ರಕ್ಕೆ ಅಂದವಾದ ಜಾಗಗಳೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. ಪ್ರವಾಸಿಯಾಗಿ ಕೈಯಲ್ಲಿ ಕ್ಯಾಮೆರಾ ಹಿಡಿದು ಚಿತ್ರ ತೆಗೆಯುವುದು ಬೇರೆ, ರೂಪದರ್ಶಿ, ಟ್ರೈಪಾಡ್, ದೀಪಗಳೊಂದಿಗೆ ವ್ಯಾಪಾರದ ಚಿತ್ರೀಕರಣ ನಡೆಸುವುದು ಬೇರೆ. ಎರಡನೆಯದಕ್ಕೆ ಇಲಾಖೆಯಿಂದ ಮುಂಚಿತವಾಗಿ ಅನುಮತಿ ಪಡೆಯಬೇಕು. ಶಾಟ್ ಲಿಸ್ಟ್‌ನಲ್ಲಿ ಜಾಗದ ಹೆಸರು ಇತ್ತೇ ಹೊರತು ಅನುಮತಿಯನ್ನು ಯಾರು, ಯಾವಾಗ, ಹೇಗೆ ಕೇಳಬೇಕು ಎಂಬುದರ ಉಲ್ಲೇಖವೇ ಇರಲಿಲ್ಲ. ಕೇಳಿದಾಗ "ಬೆಳಿಗ್ಗೆ ಬೇಗ ಹೋದರೆ ಯಾರೂ ಏನೂ ಅನ್ನುವುದಿಲ್ಲ ಮೇಡಮ್" ಎಂಬ ಉತ್ತರ ಬಂತು. ತಯಾರಿಯನ್ನೇ ಮಾರುವ ಸಂಸ್ಥೆಯಿಂದ ಈ ಉತ್ತರವನ್ನು ನಾನು ಒಪ್ಪಲಾರೆ. ಪಟ್ಟದಕಲ್ಲು, ಐಹೊಳೆ, ವಿಜಯಪುರದ ಗೋಲಗುಮ್ಮಟ ಮತ್ತು ಇಬ್ರಾಹಿಂ ರೋಜಾಗಳ ಹಿನ್ನೆಲೆ ಬಯಸುವವರಿಗೂ ಇದೇ ನಿಯಮ.

ಅನುಮತಿಯ ಮಾತು ಹಾಗಿರಲಿ, ಬಾದಾಮಿಯ ಕೆಂಪು ಮರಳುಗಲ್ಲು ಕೆಂಪು ಸೆರಗಿಗೆ ಒಳ್ಳೆಯ ಹಿನ್ನೆಲೆಯೂ ಅಲ್ಲ. ಬಣ್ಣದೊಳಗೆ ಬಣ್ಣ ಕರಗುತ್ತದೆ, ಜೊತೆಗೆ ಕಲ್ಲಿನಿಂದ ಮರಳಿ ಬೀಳುವ ಬೆಳಕು ಮುಖಕ್ಕೂ ಬಿಳಿ ಎಳೆಗಳಿಗೂ ಕಿತ್ತಳೆ ಛಾಯೆ ಹಚ್ಚುತ್ತದೆ. ಹಸಿರು, ನೀಲಿ, ಕಪ್ಪು ಒಡಲಿನ ಸೀರೆಗಳಾದರೆ ಅಲ್ಲಿ ಎದ್ದು ಕಾಣುತ್ತವೆ. ನಾವು ಕೊನೆಗೆ ಆಯ್ದುಕೊಂಡದ್ದು ಪರಿಚಿತರೊಬ್ಬರ ಬಿಳಿಜೋಳದ ಹೊಲ ಮತ್ತು ಗುಳೇದಗುಡ್ಡದ ಒಂದು ಹಳೆಯ ಮನೆಯ ಸುಣ್ಣ ಬಳಿದ ಪಡಸಾಲೆ. ಜನವರಿಯಲ್ಲಿ ತೆನೆ ಹಿಡಿದು ನಿಂತ ಜೋಳದ ಮಂಕು ಹಸಿರಿನ ಮುಂದೆ ಆ ಕೆಂಪು ಎಷ್ಟು ಹೊಂದಿತೆಂದರೆ, ಮುಖಪುಟಕ್ಕೆ ಅದೇ ಚಿತ್ರ ಹೋಯಿತು.

ಆ ತಿಂಗಳಲ್ಲಿ ನಮ್ಮ ಕಡೆ ಸೂರ್ಯೋದಯ ಏಳರ ಆಸುಪಾಸಿಗೆ. ಮೊದಲ ಒಂದೂವರೆ ತಾಸಿನ ಓರೆ ಬೆಳಕು ಸೀರೆಯ ನೇಯ್ಗೆಯನ್ನು ಚೆನ್ನಾಗಿ ತೋರಿಸುತ್ತದೆ, ಹತ್ತರ ನಂತರ ಕಣ್ಣ ಕೆಳಗೆ ನೆರಳು ಬೀಳತೊಡಗುತ್ತದೆ. ಇದನ್ನು ಲೆಕ್ಕ ಹಾಕಿ ಸ್ಟುಡಿಯೋದವರು ಮೇಕಪ್‌ಗೆ ನಸುಕಿನ ನಾಲ್ಕೂವರೆಯ ಹೊತ್ತು ಹಾಕಿದ್ದರು, ಮತ್ತು ಸಹಾಯಕರು ಆ ಹೊತ್ತಿಗೆ ಬಂದೂ ಇದ್ದರು. ಅವರ ಶಿಸ್ತಿಗೆ ತಲೆದೂಗಲೇಬೇಕು. ಅವರು ತಂದ ಪೆಟ್ಟಿಗೆ ಮದುವೆ ಮನೆಯ ಉಗ್ರಾಣದಂತಿತ್ತು: ಕೇಳಿದ ಬಣ್ಣದ ದಾರ, ಸೂಜಿ, ಬಟ್ಟೆಯ ನಾರು ತೆಗೆಯುವ ಅಂಟಿನ ಉರುಳೆ, ಬೆವರು ಹೀರುವ ಕಾಗದ, ಲಿಪ್‌ಸ್ಟಿಕ್ ಕೆಡದಂತೆ ನೀರು ಕುಡಿಯಲು ಕೊಳವೆ, ಹೊಲದ ಮಣ್ಣು ದಡಿಗೆ ತಾಗದಂತೆ ಹಾಸಲು ಹಳೆಯ ಚಾದರ. ಗಾಳಿಗೆ ರಿಫ್ಲೆಕ್ಟರ್ ಹಾರದಂತೆ ಒಬ್ಬ, ಸೆರಗು ಹಾರಿಸಲು ಇನ್ನೊಬ್ಬಳು ಎಂದು ಕೆಲಸ ಹಂಚಿಕೊಂಡಿದ್ದರು. ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಚಮಕಾ ಒಡಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಳೆಯುವುದೆಂದು ಬಿಳಿಯದನ್ನೇ ಬಳಸಿದರು.

ಒಳಾಂಗಣದ ಚಿತ್ರಗಳ ತಯಾರಿಯಲ್ಲಿ ಹೇಳುವಂಥ ಕುಂದು ಕಾಣಲಿಲ್ಲ. ಅಮೆಜಾನ್‌ನಂಥ ಜಾಲತಾಣಗಳಲ್ಲಿ ಮುಖ್ಯ ಚಿತ್ರದ ಹಿನ್ನೆಲೆ ಶುದ್ಧ ಬಿಳಿಯಾಗಿರಬೇಕು, ಅಂದರೆ ಮೂರೂ ಬಣ್ಣಗಳ ಅಂಕಿ 255 ಇರಬೇಕು, ಮಾಲು ಚೌಕಟ್ಟಿನ 85%ರಷ್ಟನ್ನಾದರೂ ತುಂಬಬೇಕು ಎಂಬ ನಿಯಮಗಳನ್ನು ಅವರು ಬಲ್ಲರು, ಅದಕ್ಕೆ ತಕ್ಕಂತೆ ಹಿನ್ನೆಲೆಯ ಅಗಲವನ್ನೂ ಗೊತ್ತುಮಾಡಿದ್ದರು.

ಕಾಗದಪತ್ರದಲ್ಲಿ ಒಂದು ಕೊರತೆ ಉಳಿಯಿತು. ರೂಪದರ್ಶಿಯ ಚಿತ್ರಗಳನ್ನು ಎಲ್ಲೆಲ್ಲಿ, ಎಷ್ಟು ಕಾಲ ಬಳಸಬಹುದು ಎಂಬ ಒಪ್ಪಿಗೆ ಪತ್ರದ ನಮೂನೆ ಇಂಗ್ಲಿಷ್‌ನಲ್ಲಿ ಮಾತ್ರ ಇತ್ತು. ಸಹಿ ಹಾಕುವ ಹುಡುಗಿಗೂ ಅವಳ ತಂದೆಗೂ ಓದಿ ತಿಳಿಯುವಂತೆ ಕನ್ನಡದ ಪ್ರತಿ ಬೇಕೆಂದು ಕೇಳಿದೆವು. ಇಲ್ಲವೆಂದರು, ನಾವೇ ಬರೆದೆವು. ಟ್ರಯಲ್ ಮತ್ತು ಟೆಸ್ಟ್ ಫ್ರೇಮ್‌ಗಳನ್ನು ಸ್ಟುಡಿಯೋ ತನ್ನ ಪ್ರಚಾರಕ್ಕೆ ಬಳಸಬಹುದೇ ಎಂಬುದು ಆ ಇಂಗ್ಲಿಷ್ ಪತ್ರದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು, ಅದಕ್ಕೆ ಗೆರೆ ಹೊಡೆಸಿ ಎರಡೂ ಕಡೆಯವರು ಸಹಿ ಹಾಕಿದೆವು.

ಹೊಲಿದ ಉಡುಪು, ಕುರ್ತಾ, ಲೆಹೆಂಗಾ ಮಾರುವವರು, ಬ್ಯೂಟಿ ಪಾರ್ಲರ್ ನಡೆಸುವವರು, ಮಾಡೆಲಿಂಗ್‌ಗೆಂದು ತಮ್ಮದೇ ಪೋರ್ಟ್‌ಫೋಲಿಯೊ ಮಾಡಿಸಿಕೊಳ್ಳುವ ಹುಡುಗ ಹುಡುಗಿಯರು ಈ ಪ್ಯಾಕೇಜನ್ನು ಇದ್ದಂತೆಯೇ ತೆಗೆದುಕೊಳ್ಳಬಹುದು. ಅವರಿಗೆ ನಾನು ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಕೈಮಗ್ಗದ ಸೀರೆ, ಖಣ ಮಾರುವವರ ಲೆಕ್ಕದಲ್ಲಿ ಮೂರು. ಹಾಗಿದ್ದೂ ಮುಂದಿನ ಹಂಗಾಮಿಗೆ ನಾವು ಇವರನ್ನೇ ಕರೆಯಲಿದ್ದೇವೆ. ಉಡಿಸುವ ಕೆಲಸವನ್ನೂ ಆಭರಣವನ್ನೂ ಪ್ಯಾಕೇಜಿನಿಂದ ತೆಗೆಸಿ, ಆ ಮೊತ್ತದಲ್ಲಿ ಟೆಸ್ಟ್ ಫ್ರೇಮ್‌ಗೆ ಇನ್ನೊಂದು ಅರ್ಧ ದಿನ ಸೇರಿಸಿ ಎಂದು ಕೇಳಿದ್ದಕ್ಕೆ ಒಪ್ಪಿದ್ದಾರೆ, ಮುಂಗಡವನ್ನೂ ಕೊಟ್ಟಾಗಿದೆ.